ದೀರ್ಘಕಾಲಿಕ ಶ್ವಾಸಕೋಶ ರೋಗಗಳಲ್ಲಿ ವ್ಯಾಯಾಮ ಸಹಿಷ್ಣುತೆಯ ಮಾಪನ

ವ್ಯಾಯಾಮ ಸಹಿಷ್ಣುತೆಯ ಮಾಪನ ಎಂದರೆ ನಡಿಗೆ, ಮೆಟ್ಟಿಲು ಹತ್ತುವಿಕೆ ಮುಂತಾದ ದೈಹಿಕ ಶ್ರಮವನ್ನು ವ್ಯಕ್ತಿಯೊಬ್ಬನ ದೇಹವು ಎಷ್ಟರಮಟ್ಟಿಗೆ ತಾಳಬಲ್ಲದು ಎಂಬುದನ್ನು ಗೊತ್ತುಪಡಿಸಿದ ಕ್ರಮದಲ್ಲಿ ಅಳೆಯುವ ವೈದ್ಯಕೀಯ ವಿಧಾನ. ದೀರ್ಘಕಾಲಿಕ ಶ್ವಾಸನಾಳ ಅಡಚಣೆಯ ರೋಗ (ಸಿಒಪಿಡಿ), ಶ್ವಾಸಕೋಶದ ನಾರುಗಟ್ಟುವಿಕೆ, ಸಿಲಿಕೋಸಿಸ್, ಕ್ಷಯರೋಗ ವಾಸಿಯಾದ ಮೇಲೆ ಉಳಿಯುವ ಶ್ವಾಸಕೋಶದ ಹಾನಿ ಮೊದಲಾದವುಗಳಲ್ಲಿ ಇದನ್ನು ಬಳಸುತ್ತಾರೆ. ಇದರ ವಿಧಾನಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಆರು ನಿಮಿಷಗಳ ನಡಿಗೆ ಪರೀಕ್ಷೆ. ಇದಕ್ಕೆ ಬೇಕಾಗುವುದು ಸಮತಟ್ಟಾದ ಓಣಿಯಂಥ ಜಾಗ, ಒಂದು ಗಡಿಯಾರ, ಬೆರಳಿಗೆ ತೊಡಿಸುವ ಪಲ್ಸ್ ಆಕ್ಸಿಮೀಟರ್ ಮತ್ತು ತರಬೇತಿ ಪಡೆದ ಒಬ್ಬ ಸಿಬ್ಬಂದಿ. ಆದ್ದರಿಂದ ದೊಡ್ಡ ನಗರಗಳಿಂದ ದೂರವಿರುವ ಕೊಪ್ಪಳದಂತಹ ಜಿಲ್ಲೆಗಳಿಗೂ ಇದು ಎಟಕುವ ಪರೀಕ್ಷೆಯಾಗಿದೆ.

ಅಗತ್ಯ

ಶ್ವಾಸಕೋಶ ರೋಗದ ನಿರ್ಣಯಕ್ಕೆ ಸ್ಪೈರೋಮೆಟ್ರಿ ಮುಖ್ಯವಾದ ಪರೀಕ್ಷೆ. ರೋಗಿಯು ಆಳವಾಗಿ ಉಸಿರೆಳೆದು ಕೊಳವೆಯೊಳಗೆ ಬಲವಾಗಿ ಊದಿದಾಗ, ಮೊದಲ ಒಂದು ಸೆಕೆಂಡಿನಲ್ಲಿ ಹೊರಬಂದ ಗಾಳಿಯ ಪ್ರಮಾಣವನ್ನು ಯಂತ್ರವು ಅಳೆಯುತ್ತದೆ. ಶ್ವಾಸನಾಳಗಳು ಎಷ್ಟು ಕಿರಿದಾಗಿವೆ ಎಂಬುದು ಇದರಿಂದ ತಿಳಿಯುತ್ತದೆ. ಆದರೆ ರೋಗಿಯು ಎಷ್ಟು ದೂರ ನಡೆಯಬಲ್ಲ, ಹೊಲಕ್ಕೆ ಹೋಗಿ ಬರಬಲ್ಲನೇ, ಒಂದು ಕೊಡ ನೀರು ತರಬಲ್ಲನೇ ಎಂಬ ಪ್ರಶ್ನೆಗಳಿಗೆ ಅದು ನೇರ ಉತ್ತರ ಕೊಡುವುದಿಲ್ಲ. ಸ್ಪೈರೋಮೆಟ್ರಿಯಲ್ಲಿ ಒಂದೇ ಫಲಿತಾಂಶ ಬಂದ ಇಬ್ಬರಲ್ಲಿ ಒಬ್ಬನು ಊರೆಲ್ಲ ಸುತ್ತಾಡುತ್ತಿರಬಹುದು, ಇನ್ನೊಬ್ಬನು ಮನೆಯ ಹೊಸ್ತಿಲು ದಾಟಲಾರದೆ ಇರಬಹುದು.

ಈ ವ್ಯತ್ಯಾಸಕ್ಕೆ ಹಲವು ಕಾರಣಗಳಿವೆ.

ಗಾಳಿಯ ಶೇಖರಣೆ: ಸಿಒಪಿಡಿಯಲ್ಲಿ ಶ್ವಾಸನಾಳಗಳು ಕಿರಿದಾಗಿರುವುದರಿಂದ ಗಾಳಿ ನಿಧಾನವಾಗಿ ಹೊರಬರುತ್ತದೆ. ನಡೆಯುವಾಗ ಉಸಿರಾಟದ ವೇಗ ಹೆಚ್ಚಿ, ಹಿಂದಿನ ಉಸಿರು ಪೂರ್ತಿಯಾಗಿ ಹೊರಹೋಗುವ ಮೊದಲೇ ಮುಂದಿನ ಉಸಿರನ್ನು ಎಳೆಯಬೇಕಾಗುತ್ತದೆ. ಹೀಗೆ ಎದೆಯಲ್ಲಿ ಗಾಳಿ ತುಂಬಿಕೊಳ್ಳುತ್ತ ಹೋಗಿ, ಹೊಸ ಗಾಳಿಗೆ ಸ್ಥಳ ಕಡಿಮೆಯಾಗುತ್ತದೆ. ರೋಗಿಯು ನಿಂತು ಸುಧಾರಿಸಿಕೊಂಡರೆ ಸಿಕ್ಕಿಬಿದ್ದ ಗಾಳಿ ಕ್ರಮೇಣ ಹೊರಹೋಗುತ್ತದೆ.

ಆಮ್ಲಜನಕದ ಕುಸಿತ: ನಾರುಗಟ್ಟಿದ ಶ್ವಾಸಕೋಶದಿಂದ ರಕ್ತಕ್ಕೆ ಆಮ್ಲಜನಕ ಸರಾಗವಾಗಿ ಸೇರುವುದಿಲ್ಲ. ಕುಳಿತಾಗ ಸಹಜವಾಗಿ ಕಾಣುವ ಆಮ್ಲಜನಕದ ಮಟ್ಟ ನಡೆಯುವಾಗ ಹಠಾತ್ತನೆ ಇಳಿಯಬಹುದು. ಕುಳಿತಲ್ಲೇ ಮಾಡುವ ತಪಾಸಣೆಯಲ್ಲಿ ಇದು ಗೊತ್ತಾಗುವುದಿಲ್ಲ.

ಸ್ನಾಯುಗಳ ಸೊರಗುವಿಕೆ: ತೇಕು ಬರುತ್ತದೆಂಬ ಭಯದಿಂದ ರೋಗಿ ನಡೆಯುವುದನ್ನು ಕಡಿಮೆ ಮಾಡುತ್ತಾನೆ. ನಡೆಯದ ಕಾಲಿನ ಸ್ನಾಯುಗಳು ಸೊರಗುತ್ತವೆ. ಸೊರಗಿದ ಸ್ನಾಯುಗಳಿಗೆ ಅದೇ ದೂರವು ಹೆಚ್ಚಿನ ಶ್ರಮವಾಗಿ, ತೇಕು ಇನ್ನಷ್ಟು ಬೇಗ ಬರುತ್ತದೆ. ಈ ವಿಷವರ್ತುಲದಲ್ಲಿ ಶ್ವಾಸಕೋಶದ ಸ್ಥಿತಿ ಬದಲಾಗದಿದ್ದರೂ ಬದುಕಿನ ವ್ಯಾಪ್ತಿ ಕುಗ್ಗುತ್ತ ಹೋಗುತ್ತದೆ.

ಇತರ ಕಾರಣಗಳು: ರಕ್ತಹೀನತೆ, ಹೃದಯದ ಕಾಯಿಲೆ, ಮೊಣಕಾಲು ನೋವು ಮತ್ತು ಅಪೌಷ್ಟಿಕತೆಗಳೂ ನಡಿಗೆಯನ್ನು ಕುಂದಿಸುತ್ತವೆ.

ಪ್ರಶ್ನೆಗಳ ಮೂಲಕ ಅಳೆಯುವುದು

ಎಲ್ಲಕ್ಕಿಂತ ಸರಳವಾದ ವಿಧಾನ ರೋಗಿಯನ್ನು ಕೇಳಿ ತಿಳಿಯುವುದು. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಮೂಲ ಪ್ರಶ್ನಾವಳಿಯಿಂದ ರೂಪುಗೊಂಡ ಉಸಿರಾಟದ ತೊಂದರೆಯ ಮಾಪಕವು ಐದು ಹಂತಗಳನ್ನು ಹೊಂದಿದೆ.

0: ಕಠಿಣ ಶ್ರಮ ಮಾಡಿದಾಗ ಮಾತ್ರ ತೇಕು ಬರುತ್ತದೆ.
1: ಸಮತಟ್ಟಿನಲ್ಲಿ ಬಿರುಸಾಗಿ ನಡೆದಾಗ ಅಥವಾ ಸಣ್ಣ ಏರು ಹತ್ತಿದಾಗ ತೇಕು ಬರುತ್ತದೆ.
2: ಸಮತಟ್ಟಿನಲ್ಲಿ ಸಮವಯಸ್ಕರಿಗಿಂತ ನಿಧಾನವಾಗಿ ನಡೆಯಬೇಕಾಗುತ್ತದೆ, ಅಥವಾ ತನ್ನದೇ ನಡಿಗೆಯಲ್ಲಿ ಹೋಗುವಾಗಲೂ ನಿಲ್ಲಬೇಕಾಗುತ್ತದೆ.
3: ಸುಮಾರು 100 ಮೀಟರ್ ಅಥವಾ ಕೆಲವು ನಿಮಿಷ ನಡೆದರೆ ನಿಂತು ಸುಧಾರಿಸಿಕೊಳ್ಳಬೇಕಾಗುತ್ತದೆ.
4: ಮನೆಯಿಂದ ಹೊರಡಲಾಗದಷ್ಟು, ಬಟ್ಟೆ ಉಡುವಾಗಲೂ ತೇಕು ಬರುತ್ತದೆ.

ಈ ಮಾಪಕಕ್ಕೆ ಒಂದು ಮಿತಿಯಿದೆ. ರೋಗಿಯು ತನಗೆ ಅರಿವಿಲ್ಲದೆಯೇ ಶ್ರಮವನ್ನು ತಪ್ಪಿಸಿಕೊಳ್ಳುತ್ತಿರುತ್ತಾನೆ. ಏರುದಾರಿಯನ್ನೇ ಬಿಟ್ಟವನಿಗೆ ಏರು ಹತ್ತುವಾಗ ತೇಕು ಬರುವ ಪ್ರಸಂಗವೇ ಇಲ್ಲ. ಆದುದರಿಂದ "ತೇಕು ಬರುತ್ತದೆಯೇ" ಎಂಬ ಪ್ರಶ್ನೆಯ ಜೊತೆಗೆ, "ಎರಡು ವರ್ಷಗಳ ಹಿಂದೆ ಮಾಡುತ್ತಿದ್ದ ಯಾವ ಕೆಲಸವನ್ನು ಈಗ ಬಿಟ್ಟಿದ್ದೀರಿ" ಎಂದು ಕೇಳುವುದು ಉಪಯುಕ್ತ.

ನಡಿಗೆ ಪರೀಕ್ಷೆಯ ಇತಿಹಾಸ

1968ರಲ್ಲಿ ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್ ಅವರು ಯೋಧರ ದೈಹಿಕ ಸಾಮರ್ಥ್ಯವನ್ನು 12 ನಿಮಿಷಗಳಲ್ಲಿ ಓಡಿದ ದೂರದಿಂದ ಅಳೆಯುವ ಕ್ರಮವನ್ನು ಪ್ರಕಟಿಸಿದರು. 1976ರಲ್ಲಿ ಬ್ರಿಟನ್ನಿನ ಮೆಕ್‌ಗ್ಯಾವಿನ್ ಮತ್ತು ಸಂಗಡಿಗರು ದೀರ್ಘಕಾಲಿಕ ಬ್ರಾಂಕೈಟಿಸ್ ರೋಗಿಗಳಿಗಾಗಿ ಓಟವನ್ನು ನಡಿಗೆಗೆ ಬದಲಾಯಿಸಿದರು. ರೋಗಿಗಳಿಗೆ 12 ನಿಮಿಷಗಳ ನಡಿಗೆ ಬಳಲಿಕೆ ತರುತ್ತಿತ್ತು. 1982ರಲ್ಲಿ ಬಟ್‌ಲ್ಯಾಂಡ್ ಮತ್ತು ಸಂಗಡಿಗರು ಎರಡು, ಆರು ಮತ್ತು 12 ನಿಮಿಷಗಳ ನಡಿಗೆಗಳನ್ನು ಹೋಲಿಸಿ, ಅಲ್ಪಾವಧಿಯ ನಡಿಗೆಯೂ ಸಮಾನ ಮಾಹಿತಿ ನೀಡುತ್ತದೆಂದು ತೋರಿಸಿದರು. ಮುಂದೆ ಆರು ನಿಮಿಷವೇ ರೂಢಿಯಾಯಿತು. ಅಮೆರಿಕದ ಥೊರಾಸಿಕ್ ಸೊಸೈಟಿಯು 2002ರಲ್ಲಿ ಇದರ ಮಾರ್ಗಸೂಚಿಯನ್ನು ಹೊರತಂದಿತು. 2014ರಲ್ಲಿ ಯುರೋಪಿನ ಶ್ವಾಸಕೋಶ ತಜ್ಞರ ಸಂಘದೊಡನೆ ಸೇರಿ ಪರಿಷ್ಕೃತ ತಾಂತ್ರಿಕ ಮಾನದಂಡವನ್ನು ಪ್ರಕಟಿಸಿತು.

ಆರು ನಿಮಿಷಗಳ ನಡಿಗೆ ಪರೀಕ್ಷೆ

ಸಿದ್ಧತೆ

ನಡಿಗೆಯ ದಾರಿ ಸಮತಟ್ಟಾಗಿ, ನೇರವಾಗಿ, ಗಟ್ಟಿ ನೆಲದ್ದಾಗಿರಬೇಕು. ಉದ್ದ 30 ಮೀಟರ್ ಇರಬೇಕು ಮತ್ತು ಎರಡೂ ತುದಿಗಳಲ್ಲಿ ಗುರುತು ಇಟ್ಟಿರಬೇಕು. ದಾರಿ ಚಿಕ್ಕದಾದಷ್ಟೂ ರೋಗಿ ಹೆಚ್ಚು ಬಾರಿ ನಿಧಾನಿಸಿ ಹಿಂತಿರುಗಬೇಕಾಗುತ್ತದೆ, ಅದರಿಂದ ನಡೆದ ಒಟ್ಟು ದೂರ ಕಡಿಮೆಯಾಗುತ್ತದೆ. ಆದ್ದರಿಂದ 15 ಮೀಟರ್ ಓಣಿಯಲ್ಲಿ ಬಂದ ಫಲಿತಾಂಶವನ್ನು 30 ಮೀಟರ್ ಓಣಿಯ ಫಲಿತಾಂಶದೊಡನೆ ಹೋಲಿಸುವಂತಿಲ್ಲ. ಟ್ರೆಡ್‌ಮಿಲ್ ಮೇಲಿನ ನಡಿಗೆಯೂ ಇದಕ್ಕೆ ಸಮನಲ್ಲ.

ರೋಗಿಯು ದಿನನಿತ್ಯ ಹಾಕುವ ಪಾದರಕ್ಷೆಯಲ್ಲೇ ಬರಬೇಕು, ಊರುಗೋಲು ಬಳಸುತ್ತಿದ್ದರೆ ಅದನ್ನೂ ತರಬೇಕು. ಹಿಂದಿನ ಎರಡು ಗಂಟೆಗಳಲ್ಲಿ ಶ್ರಮದ ಕೆಲಸ ಮಾಡಿರಬಾರದು. ಔಷಧಗಳನ್ನು ಎಂದಿನಂತೆ ತೆಗೆದುಕೊಂಡು, ಇನ್‌ಹೇಲರ್ ಬಳಸಿದ ಸಮಯವನ್ನು ಬರೆದಿಡಬೇಕು. ನಡಿಗೆಗೆ ಮುನ್ನ ಕನಿಷ್ಠ ಹತ್ತು ನಿಮಿಷ ಕುರ್ಚಿಯಲ್ಲಿ ವಿಶ್ರಮಿಸಬೇಕು.

ಯಾರಿಗೆ ಮಾಡಬಾರದು

ಹಿಂದಿನ ಒಂದು ತಿಂಗಳಲ್ಲಿ ಹೃದಯಾಘಾತವಾಗಿದ್ದವರಿಗೆ ಅಥವಾ ವಿಶ್ರಾಂತಿಯಲ್ಲೂ ಎದೆನೋವು ಬರುವ ಅಸ್ಥಿರ ಹೃದಯರೋಗವಿದ್ದವರಿಗೆ ಈ ಪರೀಕ್ಷೆ ಮಾಡಬಾರದು. ವಿಶ್ರಾಂತಿಯಲ್ಲಿ ನಾಡಿಬಡಿತ ನಿಮಿಷಕ್ಕೆ 120ಕ್ಕಿಂತ ಹೆಚ್ಚಿದ್ದರೆ, ಅಥವಾ ರಕ್ತದೊತ್ತಡದ ಮೇಲಿನ ಅಂಕಿ 180, ಕೆಳಗಿನ ಅಂಕಿ 100 ಮೀರಿದ್ದರೆ ವೈದ್ಯರು ಪರಿಶೀಲಿಸಿ ನಿರ್ಧರಿಸಬೇಕಾಗುತ್ತದೆ. ಪರೀಕ್ಷೆ ನಡೆಯುವಲ್ಲಿ ಆಮ್ಲಜನಕ ಮತ್ತು ತುರ್ತು ಔಷಧಗಳು ಕೈಗೆಟಕುವಂತಿರಬೇಕು.

ವಿಧಾನ

ಮೊದಲಿಗೆ ನಾಡಿಬಡಿತ, ರಕ್ತದ ಆಮ್ಲಜನಕ ಮಟ್ಟ ಮತ್ತು ರಕ್ತದೊತ್ತಡವನ್ನು ದಾಖಲಿಸುತ್ತಾರೆ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ರೂಪಿಸಿದ 0ಯಿಂದ 10ರ ಮಾಪಕವನ್ನು ತೋರಿಸಿ, ತೇಕು ಮತ್ತು ಕಾಲಿನ ದಣಿವು ಎಷ್ಟೆಂದು ಬೇರೆ ಬೇರೆಯಾಗಿ ಕೇಳುತ್ತಾರೆ. ಆರು ನಿಮಿಷಗಳಲ್ಲಿ ಸಾಧ್ಯವಾದಷ್ಟು ಹೆಚ್ಚು ದೂರ ನಡೆಯಬೇಕು, ಓಡಬಾರದು, ಬೇಕೆನಿಸಿದರೆ ನಿಧಾನಿಸಬಹುದು ಅಥವಾ ಗೋಡೆಗೆ ಒರಗಿ ನಿಲ್ಲಬಹುದು, ಆಯಾಸ ಕಳೆದೊಡನೆ ಮತ್ತೆ ನಡೆಯಬೇಕು ಎಂದು ತಿಳಿಸುತ್ತಾರೆ. ರೋಗಿ ನಿಂತರೂ ಗಡಿಯಾರ ನಿಲ್ಲುವುದಿಲ್ಲ.

ಸಿಬ್ಬಂದಿಯು ರೋಗಿಯ ಪಕ್ಕದಲ್ಲಿ ಅಥವಾ ಮುಂದೆ ನಡೆಯಬಾರದು, ಏಕೆಂದರೆ ಅದರಿಂದ ರೋಗಿಯ ವೇಗ ಬದಲಾಗುತ್ತದೆ. ಪ್ರತಿ ನಿಮಿಷಕ್ಕೊಮ್ಮೆ ಗೊತ್ತುಪಡಿಸಿದ ಮಾತುಗಳನ್ನು ಮಾತ್ರ, ಒಂದೇ ದನಿಯಲ್ಲಿ ಹೇಳಬೇಕು. ಒಬ್ಬರನ್ನು ಹುರಿದುಂಬಿಸಿ ಇನ್ನೊಬ್ಬರ ಬಳಿ ಮೌನವಾಗಿದ್ದರೆ ಅಳತೆ ಕೆಡುತ್ತದೆ. ಎದೆನೋವು, ತಾಳಲಾಗದ ಉಸಿರಾಟದ ತೊಂದರೆ, ಕಾಲುಸೆಳೆತ, ತೂರಾಟ, ಬೆವರುವಿಕೆ ಅಥವಾ ಮುಖ ಬಿಳಿಚಿಕೊಳ್ಳುವುದು ಕಂಡರೆ ಪರೀಕ್ಷೆಯನ್ನು ನಿಲ್ಲಿಸಬೇಕು. 2014ರ ಮಾನದಂಡದ ಪ್ರಕಾರ ಆಮ್ಲಜನಕ ಮಟ್ಟ ಶೇಕಡಾ 80ಕ್ಕಿಂತ ಕೆಳಗಿಳಿದರೂ ನಿಲ್ಲಿಸಬೇಕು.

ಮೊದಲ ಸಲಕ್ಕಿಂತ ಎರಡನೆಯ ಸಲ ರೋಗಿಗಳು ಹೆಚ್ಚು ದೂರ ನಡೆಯುತ್ತಾರೆ. ಈ ವ್ಯತ್ಯಾಸ ಸರಾಸರಿ 26 ಮೀಟರಿನಷ್ಟಿರುತ್ತದೆ. ಇದು ಅಭ್ಯಾಸದ ಫಲವೇ ಹೊರತು ಆರೋಗ್ಯದ ಸುಧಾರಣೆಯಲ್ಲ. ಆದ್ದರಿಂದ ಕನಿಷ್ಠ ಅರ್ಧ ಗಂಟೆಯ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ, ಹೆಚ್ಚಿನ ದೂರವನ್ನು ಪರಿಗಣಿಸುತ್ತಾರೆ.

ಫಲಿತಾಂಶದ ಅರ್ಥ

ನಿರೀಕ್ಷಿತ ದೂರವು ವಯಸ್ಸು, ಎತ್ತರ, ತೂಕ ಮತ್ತು ಲಿಂಗವನ್ನು ಅವಲಂಬಿಸಿರುತ್ತದೆ. ಎನ್‌ರೈಟ್ ಮತ್ತು ಶೆರಿಲ್ ಅವರು 1998ರಲ್ಲಿ ಅಮೆರಿಕದ ಆರೋಗ್ಯವಂತರನ್ನು ಪರೀಕ್ಷಿಸಿ ರೂಪಿಸಿದ ಸಮೀಕರಣದಂತೆ, 165 ಸೆಂಟಿಮೀಟರ್ ಎತ್ತರ ಹಾಗೂ 60 ಕಿಲೋಗ್ರಾಂ ತೂಕದ 60 ವರ್ಷದ ಪುರುಷನು ಸುಮಾರು 533 ಮೀಟರ್ ನಡೆಯಬೇಕು. ಒಂದು ದೇಶದ ಸಮೀಕರಣ ಇನ್ನೊಂದು ದೇಶದ ಜನರಿಗೆ ಹಾಗೆಯೇ ಹೊಂದುವುದಿಲ್ಲ. ಆದ್ದರಿಂದ ರೋಗಿಯ ಇಂದಿನ ದೂರವನ್ನು ಅವನದೇ ಹಿಂದಿನ ದೂರದೊಡನೆ ಹೋಲಿಸುವುದು ಹೆಚ್ಚು ವಿಶ್ವಾಸಾರ್ಹ. 2014ರ ಮಾನದಂಡವು 30 ಮೀಟರಿನ ಏರಿಳಿತವನ್ನು ಅರ್ಥಪೂರ್ಣ ಬದಲಾವಣೆಯೆಂದು ಪರಿಗಣಿಸುತ್ತದೆ. ಸಿಒಪಿಡಿ ರೋಗಿಗಳಲ್ಲಿ 350 ಮೀಟರಿಗಿಂತ ಕಡಿಮೆ ನಡಿಗೆಯು ಹೆಚ್ಚಿನ ಸಾವಿನ ಅಪಾಯದೊಡನೆ ಸಂಬಂಧ ಹೊಂದಿದೆ.

ಸೆಲ್ಲಿ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಬೋಡ್ ಸೂಚ್ಯಂಕವು ನಾಲ್ಕು ಅಂಶಗಳನ್ನು ಸೇರಿಸಿ 0ಯಿಂದ 10ರವರೆಗೆ ಅಂಕ ನೀಡುತ್ತದೆ. ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು.

ದೇಹತೂಕ ಸೂಚ್ಯಂಕ: 21ಕ್ಕಿಂತ ಹೆಚ್ಚಿದ್ದರೆ 0, 21 ಅಥವಾ ಕಡಿಮೆಯಿದ್ದರೆ 1.
ಮೊದಲ ಸೆಕೆಂಡಿನಲ್ಲಿ ಊದಿದ ಗಾಳಿ (ನಿರೀಕ್ಷಿತ ಪ್ರಮಾಣದ ಶೇಕಡಾವಾರು): 65 ಅಥವಾ ಹೆಚ್ಚಿದ್ದರೆ 0, 50–64 ಇದ್ದರೆ 1, 36–49 ಇದ್ದರೆ 2, 35 ಅಥವಾ ಕಡಿಮೆಯಿದ್ದರೆ 3.
ಉಸಿರಾಟದ ತೊಂದರೆಯ ಹಂತ: 0 ಅಥವಾ 1 ಇದ್ದರೆ 0, 2 ಇದ್ದರೆ 1, 3 ಇದ್ದರೆ 2, 4 ಇದ್ದರೆ 3.
ಆರು ನಿಮಿಷಗಳ ನಡಿಗೆ: 350 ಮೀಟರ್ ಅಥವಾ ಹೆಚ್ಚಿದ್ದರೆ 0, 250–349 ಇದ್ದರೆ 1, 150–249 ಇದ್ದರೆ 2, 149 ಅಥವಾ ಕಡಿಮೆಯಿದ್ದರೆ 3.

ಉದಾಹರಣೆಗೆ, ದೇಹತೂಕ ಸೂಚ್ಯಂಕ 19, ಊದಿದ ಗಾಳಿ ಶೇಕಡಾ 45, ಉಸಿರಾಟದ ತೊಂದರೆಯ ಹಂತ 2 ಮತ್ತು ನಡಿಗೆ 310 ಮೀಟರ್ ಇರುವ ರೋಗಿಗೆ 1+2+1+1, ಅಂದರೆ 5 ಅಂಕ. ಈತನು ಕೆಲವು ವಾರಗಳ ಕ್ರಮಬದ್ಧ ವ್ಯಾಯಾಮದ ನಂತರ 355 ಮೀಟರ್ ನಡೆದು, ಉಸಿರಾಟದ ತೊಂದರೆ ಹಂತ 1ಕ್ಕೆ ಇಳಿದರೆ ಅಂಕ 3 ಆಗುತ್ತದೆ. ಶ್ವಾಸಕೋಶದ ಅಳತೆ ಮೊದಲಿನಷ್ಟೇ ಇದ್ದರೂ ಈ ಇಳಿಕೆ ಸಾಧ್ಯ. ಹಾನಿಗೊಂಡ ಶ್ವಾಸಕೋಶವನ್ನು ಹಿಂದಿನಂತೆ ಮಾಡಲಾಗದಿದ್ದರೂ ನಡಿಗೆಯನ್ನು ಮರಳಿ ಗಳಿಸಬಹುದು ಎಂಬುದನ್ನು ಈ ಲೆಕ್ಕ ತೋರಿಸುತ್ತದೆ.

ಇತರ ಪರೀಕ್ಷೆಗಳು

ಶಟಲ್ ನಡಿಗೆ: 1992ರಲ್ಲಿ ಸ್ಯಾಲಿ ಸಿಂಗ್ ಮತ್ತು ಸಂಗಡಿಗರು ಬ್ರಿಟನ್ನಿನಲ್ಲಿ ರೂಪಿಸಿದ ಪರೀಕ್ಷೆ. 10 ಮೀಟರ್ ದಾರಿಯಲ್ಲಿ ಧ್ವನಿಮುದ್ರಿತ ಸಂಕೇತಕ್ಕೆ ಸರಿಯಾಗಿ ಅತ್ತಿಂದಿತ್ತ ನಡೆಯಬೇಕು. ವೇಗ ಪ್ರತಿ ನಿಮಿಷ ಹೆಚ್ಚುತ್ತದೆ. ಇದರಲ್ಲಿ 12 ಹಂತಗಳಿವೆ. ವೇಗವನ್ನು ಸಂಕೇತವೇ ನಿರ್ಧರಿಸುವುದರಿಂದ ರೋಗಿಯ ಗರಿಷ್ಠ ಸಾಮರ್ಥ್ಯ ತಿಳಿಯುತ್ತದೆ.

ಕುಳಿತು ಏಳುವ ಪರೀಕ್ಷೆ: ಕೈಯ ಆಸರೆಯಿಲ್ಲದೆ ಒಂದು ನಿಮಿಷದಲ್ಲಿ ಕುರ್ಚಿಯಿಂದ ಎಷ್ಟು ಬಾರಿ ಎದ್ದು ಕೂಡಬಲ್ಲರು ಎಂಬುದನ್ನು ಎಣಿಸುತ್ತಾರೆ. ಉದ್ದನೆಯ ಓಣಿಯಿಲ್ಲದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ರೋಗಿಯ ಮನೆಯಲ್ಲೂ ಇದನ್ನು ಮಾಡಬಹುದು.

ಮೆಟ್ಟಿಲು ಹತ್ತುವ ಪರೀಕ್ಷೆ: ಶ್ವಾಸಕೋಶದ ಭಾಗವನ್ನು ತೆಗೆಯುವ ಶಸ್ತ್ರಚಿಕಿತ್ಸೆಗೆ ಮುನ್ನ ಬಳಸುವುದುಂಟು. ನಿಲ್ಲದೆ 22 ಮೀಟರ್ ಎತ್ತರ ಏರಲಾಗದವರಿಗೆ ಹೆಚ್ಚಿನ ಪರೀಕ್ಷೆ ಅಗತ್ಯವೆಂದು ಪರಿಗಣಿಸಲಾಗುತ್ತದೆ.

ಹೃದಯ–ಶ್ವಾಸಕೋಶ ವ್ಯಾಯಾಮ ಪರೀಕ್ಷೆ: ಸೈಕಲ್ ಅಥವಾ ಟ್ರೆಡ್‌ಮಿಲ್ ಮೇಲೆ ಶ್ರಮಿಸುವಾಗ ಮುಖಕವಚದ ಮೂಲಕ ಉಸಿರಿನ ಅನಿಲಗಳನ್ನು ಅಳೆದು, ದೇಹವು ಬಳಸುವ ಗರಿಷ್ಠ ಆಮ್ಲಜನಕವನ್ನು ಕಂಡುಹಿಡಿಯುತ್ತಾರೆ. ತೊಂದರೆಯ ಮೂಲ ಹೃದಯವೋ, ಶ್ವಾಸಕೋಶವೋ, ಸ್ನಾಯುವೋ ಎಂಬುದನ್ನು ಬೇರ್ಪಡಿಸಿ ತೋರಿಸುವಲ್ಲಿ ಇದು ಅತ್ಯಂತ ಸಮರ್ಥವಾದುದು. ಆದರೆ ದುಬಾರಿ ಉಪಕರಣ ಮತ್ತು ತಜ್ಞರು ಬೇಕಾಗುತ್ತಾರೆ.

ಕೊಪ್ಪಳ ಜಿಲ್ಲೆಯ ಸಂದರ್ಭ

ಭಾರತದಲ್ಲಿ ಸಿಒಪಿಡಿ ಇರುವವರ ಸಂಖ್ಯೆ 1990ರಲ್ಲಿ 2.81 ಕೋಟಿ ಇದ್ದುದು 2016ರ ವೇಳೆಗೆ 5.53 ಕೋಟಿಗೆ ಏರಿದೆಯೆಂದು ರಾಜ್ಯವಾರು ರೋಗಭಾರ ಅಧ್ಯಯನವು ಅಂದಾಜಿಸಿದೆ. ಬೀಡಿ–ಸಿಗರೇಟುಗಳ ಜೊತೆಗೆ ಒಲೆಯ ಹೊಗೆ, ಹೊರಗಿನ ವಾಯುಮಾಲಿನ್ಯ ಮತ್ತು ಕೆಲಸದ ಸ್ಥಳದ ಧೂಳು ಇದರ ಪ್ರಮುಖ ಕಾರಣಗಳು.

1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾದ ಕೊಪ್ಪಳ ಜಿಲ್ಲೆಯಲ್ಲಿ ಮೊದಲಿಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳಿದ್ದವು. ನಂತರ ಕನಕಗಿರಿ, ಕಾರಟಗಿ ಮತ್ತು ಕುಕನೂರು ತಾಲ್ಲೂಕುಗಳು ಸೇರಿದವು. ಉಸಿರಿಗೆ ಸೇರುವ ಧೂಳು–ಹೊಗೆಯ ಮೂಲಗಳು ಇಲ್ಲಿ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತವೆ. ತುಂಗಭದ್ರಾ ನೀರಾವರಿಯ ಗಂಗಾವತಿ ಭಾಗವು ಭತ್ತದ ಕಣಜವೆಂದು ಹೆಸರಾಗಿದ್ದು, ಅಲ್ಲಿನ ಅಕ್ಕಿ ಗಿರಣಿಗಳಲ್ಲಿ ಹೊಟ್ಟು–ತೌಡಿನ ಧೂಳಿರುತ್ತದೆ. ಕೊಪ್ಪಳ ತಾಲ್ಲೂಕಿನ ಗಿಣಿಗೇರಾ ಸುತ್ತ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಗಳಿವೆ. ಕುಷ್ಟಗಿ ತಾಲ್ಲೂಕಿನಲ್ಲಿ ಗ್ರಾನೈಟ್ ಗಣಿಗಳಿವೆ. ಗ್ರಾನೈಟ್ ಕೊರೆಯುವಾಗ, ಕತ್ತರಿಸುವಾಗ ಏಳುವ ಸಿಲಿಕಾ ಕಣಗಳು ವರ್ಷಗಟ್ಟಲೆ ಉಸಿರಿಗೆ ಸೇರಿದರೆ ಸಿಲಿಕೋಸಿಸ್ ಬರುತ್ತದೆ. ಕಾನೂನಿನ ಪ್ರಕಾರ ಈ ರೋಗವನ್ನು ಕಡ್ಡಾಯವಾಗಿ ವರದಿ ಮಾಡಬೇಕು. ಯಲಬುರ್ಗಾದಂತಹ ಒಣಬೇಸಾಯದ ಸೀಮೆಯಲ್ಲಿ ರಾಶಿ ಮಾಡುವಾಗ ಕಣದ ಧೂಳು, ಅಡುಗೆಮನೆಯಲ್ಲಿ ಕಟ್ಟಿಗೆ, ಕುಳ್ಳು ಮತ್ತು ಹತ್ತಿಕಟ್ಟಿಗೆಯ ಹೊಗೆ ಹಳೆಯ ಸಂಗತಿಗಳು. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯು ಬಡ ಕುಟುಂಬಗಳಿಗೆ ಅಡುಗೆ ಅನಿಲ ತಲುಪಿಸುವ ಉದ್ದೇಶ ಹೊಂದಿದೆ. ಆದರೆ ದಶಕಗಳ ಕಾಲ ಹೊಗೆ ಕುಡಿದ ಶ್ವಾಸಕೋಶದ ಹಾನಿ ಸಿಲಿಂಡರ್ ಬಂದೊಡನೆ ಅಳಿಯುವುದಿಲ್ಲ.

ಇಂಥ ದುಡಿಮೆಯ ಜನರಲ್ಲಿ ರೋಗವು ಕೆಲಸ ಕೈಬಿಡುವುದರ ಮೂಲಕವೇ ಗೋಚರಿಸುತ್ತದೆ. ಮೂಟೆ ಹೊರುತ್ತಿದ್ದ ಹಮಾಲನು ಕಾವಲು ಕೆಲಸಕ್ಕೆ ಬರುತ್ತಾನೆ. ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದ ಹೆಂಗಸು ಮನೆಯಲ್ಲೇ ಉಳಿಯುತ್ತಾಳೆ. ಸುತ್ತಲಿನವರು ಇದನ್ನು ವಯಸ್ಸಿನ ಫಲವೆಂದೇ ತಿಳಿಯುತ್ತಾರೆ. ಮೀಟರುಗಳಲ್ಲಿ ಅಳೆದಾಗ ಮಾತ್ರ ಅದು ಚಿಕಿತ್ಸೆ ಬೇಡುವ ಕಾಯಿಲೆ ಎಂಬುದು ಸ್ಪಷ್ಟವಾಗುತ್ತದೆ.

ಸ್ಥಳೀಯವಾಗಿ ಗಮನಿಸಬೇಕಾದ ಅಂಶಗಳು

ಭಾಷೆ: ಈ ಭಾಗದ ರೋಗಿಗಳು ಉಸಿರಾಟದ ತೊಂದರೆಯನ್ನು "ದಮ್ಮು ಹತ್ತತೈತಿ", "ತೇಕು ಹತ್ತತೈತಿ" ಎಂದು ಹೇಳುತ್ತಾರೆ. ದಮ್ಮು ಎಂಬ ಪದವು ಉಬ್ಬಸ ರೋಗಕ್ಕೂ ಬಳಕೆಯಾಗುವುದರಿಂದ, ರೋಗಿಯು ಕಾಯಿಲೆಯ ಹೆಸರು ಹೇಳುತ್ತಿದ್ದಾನೆಯೋ ಆ ಕ್ಷಣದ ಅನುಭವವನ್ನೋ ಎಂದು ವಿಚಾರಿಸಬೇಕು. ಓದಲು ಬಾರದವರಿಗೆ ಬೋರ್ಗ್ ಮಾಪಕದ ಹಂತಗಳನ್ನು ಆಡುಮಾತಿನಲ್ಲಿ ವಿವರಿಸಬೇಕು, ಪ್ರತಿ ಭೇಟಿಯಲ್ಲೂ ಅದೇ ಮಾತುಗಳನ್ನು ಬಳಸಬೇಕು.

ಹವಾಮಾನ: ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದರಿಂದ, ಬಯಲಲ್ಲಿ ಪರೀಕ್ಷಿಸದೆ ನೆರಳಿನ ಓಣಿಯಲ್ಲಿ, ಸಾಧ್ಯವಾದರೆ ಪ್ರತಿ ಸಲವೂ ದಿನದ ಅದೇ ಹೊತ್ತಿನಲ್ಲಿ ಪರೀಕ್ಷಿಸುವುದು ಸೂಕ್ತ.

ಬೆರಳಿನ ಯಂತ್ರ: ಉಗುರುಬಣ್ಣ, ತಣ್ಣನೆಯ ಬೆರಳು ಮತ್ತು ನಡೆಯುವಾಗಿನ ಅಲುಗಾಟ ಆಕ್ಸಿಮೀಟರ್ ಅಂಕಿಯನ್ನು ತಪ್ಪಿಸಬಹುದು. ಕಪ್ಪು ಮೈಬಣ್ಣದವರಲ್ಲಿ ಯಂತ್ರವು ಆಮ್ಲಜನಕ ಮಟ್ಟವನ್ನು ವಾಸ್ತವಕ್ಕಿಂತ ಹೆಚ್ಚಾಗಿ ತೋರಿಸುವ ಸಂಭವವಿದೆ.

ರಕ್ತಹೀನತೆ: ಆಮ್ಲಜನಕ ಮಟ್ಟ ಸರಿಯಿದ್ದೂ ಬೇಗ ಸೋಲುವವರಲ್ಲಿ, ವಿಶೇಷವಾಗಿ ಮಹಿಳೆಯರಲ್ಲಿ, ಹಿಮೋಗ್ಲೋಬಿನ್ ಪರೀಕ್ಷಿಸಬೇಕು.

ಜಿಲ್ಲಾ ಕೇಂದ್ರದಲ್ಲಿ 2015ರಿಂದ ಕೊಪ್ಪಳ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ. ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಆಸ್ಪತ್ರೆಗಳಿವೆ. 30 ಮೀಟರ್ ಅಳೆದು ಗುರುತು ಹಾಕಿದ ಒಂದು ಓಣಿ ಇದ್ದರೆ ತಾಲ್ಲೂಕು ಮಟ್ಟದಲ್ಲೂ ಈ ಪರೀಕ್ಷೆಯನ್ನು ನಡೆಸಬಹುದು.

ಪರೀಕ್ಷೆಯ ನಂತರ

ಪರೀಕ್ಷೆಯು ಚಿಕಿತ್ಸೆಗೆ ದಾರಿಯಾಗದಿದ್ದರೆ ಪ್ರಯೋಜನವಿಲ್ಲ. ಕಡಿಮೆ ನಡೆದವರಿಗೆ ಮುಖ್ಯವಾದ ಚಿಕಿತ್ಸೆ ಶ್ವಾಸಕೋಶ ಪುನಶ್ಚೇತನ. ಮೇಲ್ವಿಚಾರಣೆಯಲ್ಲಿ ನಡಿಗೆ, ಕೈಕಾಲುಗಳ ಬಲವರ್ಧನೆ, ಉಸಿರಾಟದ ಕ್ರಮ, ಆಹಾರ ಸಲಹೆ ಮತ್ತು ಇನ್‌ಹೇಲರ್ ಬಳಕೆಯ ಶಿಕ್ಷಣ ಇದರಲ್ಲಿ ಸೇರಿವೆ. 2015ರ ಕಾಕ್ರೇನ್ ವಿಮರ್ಶೆಯ ಪ್ರಕಾರ ಇದರಿಂದ ಸಿಒಪಿಡಿ ರೋಗಿಗಳ ಆರು ನಿಮಿಷಗಳ ನಡಿಗೆ ಸರಾಸರಿ ಸುಮಾರು 44 ಮೀಟರ್ ಹೆಚ್ಚುತ್ತದೆ. ಹೊಗೆಬತ್ತಿ ಬಿಡುವುದು ಮತ್ತು ಧೂಳಿನಿಂದ ದೂರವಿರುವುದು ಇದರ ಜೊತೆಗೇ ಆಗಬೇಕಾದ ಕೆಲಸಗಳು.

ನಡೆಯುವಾಗ ಆಮ್ಲಜನಕ ಇಳಿಯುತ್ತದೆಂಬ ಒಂದೇ ಕಾರಣಕ್ಕೆ ಮನೆಗೆ ಆಮ್ಲಜನಕ ಯಂತ್ರ ತರಬೇಕೆಂದಿಲ್ಲ. ವಿಶ್ರಾಂತಿಯಲ್ಲಿ ಅಲ್ಪ ಕೊರತೆ ಅಥವಾ ನಡಿಗೆಯಲ್ಲಿ ಮಧ್ಯಮ ಪ್ರಮಾಣದ ಕುಸಿತವಿದ್ದ ಸಿಒಪಿಡಿ ರೋಗಿಗಳಿಗೆ ದೀರ್ಘಕಾಲ ಆಮ್ಲಜನಕ ನೀಡಿದರೂ ಆಯುಷ್ಯ ಹೆಚ್ಚಲಿಲ್ಲವೆಂದು 2016ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದು ತೋರಿಸಿತು. ಇದನ್ನು ವೈದ್ಯರೇ ನಿರ್ಧರಿಸಬೇಕು.

ಮಿತಿಗಳು

ನಡಿಗೆ ಪರೀಕ್ಷೆಯು ತೊಂದರೆಯ ಪ್ರಮಾಣವನ್ನು ತಿಳಿಸುತ್ತದೆ, ಅದರ ಕಾರಣವನ್ನು ಹೇಳುವುದಿಲ್ಲ. 300 ಮೀಟರಿಗೆ ನಿಂತವನನ್ನು ತಡೆದದ್ದು ಶ್ವಾಸಕೋಶವೇ, ಹೃದಯವೇ, ಮೊಣಕಾಲೇ ಎಂಬುದನ್ನು ಬೇರೆ ಪರೀಕ್ಷೆಗಳಿಂದ ತಿಳಿಯಬೇಕು. ಅದು ಸ್ಪೈರೋಮೆಟ್ರಿ ಅಥವಾ ಕಫ ಪರೀಕ್ಷೆಗೆ ಬದಲಿಯಲ್ಲ. ರೋಗಿಯ ಉತ್ಸಾಹ, ಸಿಬ್ಬಂದಿಯ ಮಾತು ಮತ್ತು ಓಣಿಯ ಉದ್ದ ಫಲಿತಾಂಶದ ಮೇಲೆ ಪರಿಣಾಮ ಬೀರುವುದರಿಂದ, ನಿಯಮಗಳನ್ನು ಸಡಿಲಿಸಿದರೆ ಎರಡು ಭೇಟಿಗಳ ಅಂಕಿಗಳನ್ನು ಹೋಲಿಸಲಾಗದು.

ಇವನ್ನೂ ನೋಡಿ

ಶ್ವಾಸಕೋಶ
ದೀರ್ಘಕಾಲಿಕ ಶ್ವಾಸನಾಳ ಅಡಚಣೆಯ ರೋಗ
ಸಿಲಿಕೋಸಿಸ್
ಕ್ಷಯರೋಗ
ಸ್ಪೈರೋಮೆಟ್ರಿ
ಕೊಪ್ಪಳ ಜಿಲ್ಲೆ